ಹಕ್ಕಿಗಳ ಪಾಲಿನ ಜೊಂಡು

ಮಲ್ಲಿಪಟ್ಟಣದ ಕಡೆಯ ನಮ್ಮೂರ ಕೆರೆಯನ್ನು ಸ್ವಚ್ಛ ಮಾಡಿಸಿದವನು ನಾನೇ. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಹೊಸತು. ಊರಿಗೇನಾದರೂ ಮಾಡಬೇಕೆಂಬ ಹುಚ್ಚು ತಲೆಗೇರಿತ್ತು. ಕೆರೆಯ ಎರಡೂ ಮಗ್ಗುಲಲ್ಲಿ ಆಳೆತ್ತರ ಬೆಳೆದ ಜೊಂಡುಹುಲ್ಲು ನನ್ನ ಕಣ್ಣಿಗೆ ಬರೀ ಕೊಳಕು. ಮುಂಗಾರಿನ ಮೊದಲ ಮಳೆ ಬಿದ್ದ ವಾರವೇ ಜೆಸಿಬಿ ತರಿಸಿದೆ.

ಆವತ್ತು ಬೆಳಿಗ್ಗೆ, ಜೊಂಡು ಕೊಯ್ದು ಚಾಪೆ ಹೆಣೆಯುವ ಅಜ್ಜಿಯೊಬ್ಬಳು ಏರಿಯ ಮೇಲೆ ಅಡ್ಡ ನಿಂತಳು. ಅವಳ ಮನೆಯವರದೊಂದು ಕಟ್ಟಳೆ: ಈ ವರ್ಷ ಮೂಡಲ ಮಗ್ಗುಲು ಕೊಯ್ದರೆ ಪಡುವಲದ್ದನ್ನು ಮುಟ್ಟುವಂತಿಲ್ಲ, ಅದು ಹಕ್ಕಿಗಳ ಪಾಲು. ಮರುವರ್ಷ ಅದಲು ಬದಲು.

"ಮೇಷ್ಟ್ರೇ, ಒಂದ್ ಮಗ್ಗುಲಾದ್ರೂ ಬುಡಿ. ನೀರ್‌ಕೋಳಿ ಮೊಟ್ಟೆ ಇಕ್ಕವೆ ಕಣಪ್ಪಾ."

"ಕೊಳಕನ್ನ ಅರ್ಧ ಉಳಿಸ್ಕೋತಾರೇನಜ್ಜಿ? ಆಚೆ ನಿಂತ್ಕೋ!" ಎಂದು ರೇಗಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ್ದಳು ಪಾಪ, ಕೋಣ ನಾನೇ.

ಸಂಜೆಗೆ ಕೆರೆ ಬಟಾಬಯಲು. ನನಗೆ ಶಾಲು ಹೊದಿಸಿದರು. ಎತ್ತಿಹಾಕಿದ ಜೊಂಡಿನ ಗುಡ್ಡೆಯ ಸುತ್ತ ನೀರುಕೋಳಿಗಳು ಕಿರುಚುತ್ತ ಓಡಾಡುತ್ತಿದ್ದವು, ನಾನು ಫೋಟೊಗೆ ಹಲ್ಲು ಕಿರಿಯುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಅಜ್ಜಿ ಆ ಗುಡ್ಡೆಯನ್ನು ಕೆದಕಿ, ಒಡೆಯದೆ ಉಳಿದಿದ್ದ ಐದು ಮೊಟ್ಟೆಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಹೋಗಿ, ಮನೆಯಲ್ಲಿ ಕಾವಿಗೆ ಕೂತಿದ್ದ ಹೇಂಟೆಯ ಕೆಳಗಿಟ್ಟಳು. ಎರಡು ಮರಿಯಾದವು. ಸುದ್ದಿ ತಿಳಿದು, ಮನಸ್ಸು ತಡೆಯದೆ ನೋಡಲು ಹೋದೆ. ನನ್ನ ತಪ್ಪಿನಲ್ಲಿ ಎರಡಾದರೂ ಕಮ್ಮಿಯಾಯಿತಲ್ಲ ಎಂಬ ಸಮಾಧಾನ.

ಕೆಲವು ದಿನಗಳ ನಂತರ ನಾನೂ ಅಜ್ಜಿಯೂ ಅವನ್ನು ಹೇಂಟೆಯ ಸಮೇತ ಕೆರೆಗೆ ಒಯ್ದೆವು. ಕರಿ ಮರಿಗಳೆರಡೂ ಸೀದಾ ನೀರಿಗಿಳಿದವು. ಹೇಂಟೆ ದಡದಲ್ಲೇ ಕೂಗುತ್ತ ನಿಂತಿತು. ನಾನು ಕೈಯೆತ್ತಿ ಕೂಗುವಷ್ಟರಲ್ಲಿ ಹದ್ದೊಂದು ಎರಗಿ ಒಂದನ್ನು ಎತ್ತಿಕೊಂಡು ಹೋಯಿತು. ಇನ್ನೊಂದು ದಡದುದ್ದಕ್ಕೂ ಈಜಾಡಿತು, ಮರೆಗೆ ಏನೂ ಸಿಗಲಿಲ್ಲ. ಸ್ವಲ್ಪ ಹೊತ್ತಿಗೆ ಅದನ್ನೂ ಇನ್ನೊಂದು ಹದ್ದು ಒಯ್ದಿತು.

"ಅಡಗ್ಕಳಕ್ಕೆ ಒಂದ್ ಕಡ್ಡೀನೂ ಇಲ್ವಲ್ಲಪ್ಪಾ," ಅಂದಳು ಅಜ್ಜಿ. ಬೈದಿದ್ದರೆ ಚೆನ್ನಾಗಿತ್ತು.

ಈಗ ಮೂರು ವರ್ಷ. ಮೊದಲು ಪಾಚಿ ಬಂತು, ಆಮೇಲೆ ನೈದಿಲೆ, ಈ ಸಲ ಅಂಚಿನಲ್ಲಿ ನಾಲ್ಕು ಎಳೆ ಜೊಂಡು. ನೀರುಕೋಳಿ ಬಂದಿಲ್ಲ. ಊರವರು ಹೊಸಬರಿಗೆ ನನ್ನನ್ನು 'ಕೆರೆ ಉಳಿಸಿದ ಮೇಷ್ಟ್ರು' ಎಂದು ಪರಿಚಯಿಸುತ್ತಾರೆ. ಅಲ್ಲ ಎಂದು ನಾನು ಇಲ್ಲಿಯವರೆಗೆ ಒಬ್ಬರಿಗೂ ಹೇಳಿಲ್ಲ.