ಕುರುಗೋಡು ಬಸ್ಸಿನಲ್ಲಿ ಕ್ಯಾಕ್ಟಸ್ ಮರಿ

ಮಾಳಿಗೆಯ ಮೇಲೆ ಎರಡು ವರ್ಷ ಕಾಯಿಸಿ ನನ್ನ ಕ್ಯಾಕ್ಟಸ್ ಮೊದಲ ಮರಿ ಹಾಕಿತ್ತು. ಅಕ್ಕನಿಗೆ ತೋರಿಸಲೆಂದು ಮಗುವಿನ ಜೊತೆ ಕುಂಡವನ್ನೂ ಹೊತ್ತು ಬಳ್ಳಾರಿಯಲ್ಲಿ ಕುರುಗೋಡು ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಅಜ್ಜಿ ಅದರ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ನನಗೆ ಆಗಲೇ ಅನುಮಾನ.

“ಮುಳ್ಳಿನ ಗಿಡ ಮನ್ಯಾಗಿಟ್ರ ಜಗಳ ಆಗ್ತಾವವ್ವ, ಒಗದುಬಿಡು,” ಅಂದಳು.

“ನಮ್ಮನ್ಯಾಗ ಗಿಡಕ್ಕಿಂತ ಮೊದಲ ಜಗಳ ಬಂದಾವ ಬಿಡ್ರಿ,” ಅಂದೆ.

ಅಳುತ್ತಿದ್ದ ಮಗುವಿಗೆ ನೀರು ಕುಡಿಸುವಷ್ಟರಲ್ಲಿ ಬಸ್ಸು ನಿಂತು ಅಜ್ಜಿ ಇಳಿದಿದ್ದಳು. ಕುಂಡದಲ್ಲಿ ಮರಿ ಇರಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದರೆ, ಬೆರಳು ಚೀಪುತ್ತಾ ಹೊರಟಿದ್ದಾಳೆ.

ಬೈಯಲು ಬಾಯಿ ತೆರೆದೆ, ಬಂದ ಮಾತೇ ಬೇರೆ. “ದಿನಾ ನೀರು ಹಾಕಬ್ಯಾಡ್ರಿ, ಕೊಳೀತೈತಿ.”

“ಗೊತ್ತೈತಿ ಬಿಡವ್ವ,” ಅಂದಳು ತಿರುಗದೆಯೇ. “ಮನ್ಯಾಗ ಇಂಥವು ಹತ್ತು ಅದಾವ.”

ಅವರ ಮನೆಯಲ್ಲಿ ಎಷ್ಟು ಜಗಳವೋ.