ಆಪರೇಷನ್ ಕೋಣೆಯ ಗೋಡೆ ಮತ್ತು ನನ್ನ ಎಡಗಾಲು

ಇಂಥದ್ದನ್ನೆಲ್ಲ ನಂಬುವವನು ನಾನಲ್ಲ. ರಂಗಂಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ದೆವ್ವ, ಮಾಟ ಎಂದವರನ್ನು ಸ್ಟಾಫ್ ರೂಮಿನಲ್ಲಿ ಸಾಕಷ್ಟು ಗೋಳು ಹೊಯ್ದುಕೊಂಡಿದ್ದೇನೆ. ಈಗ ನಾನೇ ಹೇಳಲು ಕೂತಿದ್ದೇನೆ, ನಗುವವರು ನಗಲಿ.

ನಾನು ಹುಟ್ಟುವಾಗ ಕಾಲು ಮೊದಲು ಹೊರಗೆ ಬಂದವನು. ಅಂಥವರು ಎಡಗಾಲಿನಿಂದ ಮೂರು ಸಲ ಬೆನ್ನು ಮುಟ್ಟಿದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಚಿಕ್ಕಂದಿನಲ್ಲಿ ದೂರದ ಕಕ್ಕೇರಾದಿಂದಲೂ ಬಂದವರು ನಮ್ಮ ಕಟ್ಟೆಯ ಮೇಲೆ ಬೋರಲು ಮಲಗುತ್ತಿದ್ದರು. ನಾನು ಕಾಲು ಮುಟ್ಟಿಸಿ, ಅವರು ಕೊಟ್ಟ ಬೆಲ್ಲ ತಿಂದು ಆಡಲು ಓಡುತ್ತಿದ್ದೆ. ಕಾಲೇಜು ಸೇರಿದ ಮೇಲೆ ನಾಚಿಕೆಯಾಗಿ ಬಿಟ್ಟುಬಿಟ್ಟೆ.

ನನ್ನ ಅಕ್ಕ ಶರಣಮ್ಮ ಶಹಾಪುರದಲ್ಲಿ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುವವಳು. ಕೆಲವು ವರ್ಷಗಳ ಹಿಂದೆ ಅವಳ ಬೆನ್ನಿನ ಡಿಸ್ಕ್ ಜರುಗಿ ನರ ಒತ್ತತೊಡಗಿತು. ಎಡಗಾಲಿನ ಹೆಬ್ಬೆರಳು ಜೋಮು ಹಿಡಿದು, ಚಪ್ಪಲಿ ಕಳಚಿ ಹಿಂದೆ ಬಿದ್ದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ತಡಮಾಡಿದರೆ ಪಾದ ಪೂರ್ತಿ ಸೋಲುತ್ತದೆ ಎಂದರು ಯಾದಗಿರಿಯ ಡಾಕ್ಟರು. ಈಗ ಬೆನ್ನು ಉದ್ದಕ್ಕೆ ಕೊಯ್ಯಬೇಕಿಲ್ಲವಂತೆ. ಉಗುರಗಲದ ತೂತಿನಲ್ಲಿ ಕ್ಯಾಮೆರಾ ಇಳಿಸಿ, ನರ ಒತ್ತುವ ಚೂರನ್ನಷ್ಟೇ ತೆಗೆಯುತ್ತಾರಂತೆ. ನರಕ್ಕೆ ತಾಗಿದರೆ ಆಕೆಯೇ ಹೇಳಬೇಕು, ಅದಕ್ಕೇ ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ, ಮರುದಿನ ನಡೆದೇ ಮನೆಗೆ ಹೋಗಬಹುದು ಎಂದರು. ನನಗೆ ಅದೇ ದೊಡ್ಡ ಪವಾಡ ಎನಿಸಿತು.

ಆಪರೇಷನ್ನಿನ ದಿನ ಬೆಳಿಗ್ಗೆ ಒಳಗೆ ಕರೆದೊಯ್ಯುವ ಮೊದಲು ಅಕ್ಕ ನನ್ನ ಕೈ ಹಿಡಿದಳು.

“ತಮ್ಮಾ, ಒಂದ್ಸಲ ಕಾಲು ಮುಟ್ಟಸೋ. ಊರ ಮಂದಿಗೆಲ್ಲ ಮುಟ್ಟಿಸೀದಿ, ನನಗ ಬ್ಯಾಡೇನು?”

“ಸುಮ್ನಿರಕ್ಕ. ನರ್ಸ್ ನೋಡಿದ್ರ ನಗ್ತಾರ.”

ಅವಳು ಮುಖ ಆ ಕಡೆ ತಿರುಗಿಸಿದಳು.

ಹೊರಗೆ ಬೆಂಚಿನ ಮೇಲೆ ಕೂತವನಿಗೆ ಆ ಮುಖವೇ ಕಾಣುತ್ತಿತ್ತು. ಅರ್ಧ ತಾಸು ತಡೆದೆ. ಆಮೇಲೆ ಯಾರೂ ಇಲ್ಲವೆಂದು ನೋಡಿಕೊಂಡು, ಚಪ್ಪಲಿ ಬಿಟ್ಟು, ಆಪರೇಷನ್ ಕೋಣೆಯ ಗೋಡೆಗೆ ಎಡಗಾಲನ್ನು ಮೂರು ಸಲ ಒತ್ತಿದೆ. ಒತ್ತಿದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಸ್ವಲ್ಪ ಹೊತ್ತಿಗೆ ಡಾಕ್ಟರು ನಗುತ್ತ ಹೊರಬಂದರು.

“ಚೊಲೋ ಆತ್ರಿ ಸರ್. ಹೆಬ್ಬೆರಳು ಎತ್ತಾಕತ್ತಾರ. ಒಂದು ಮಾತು ಕೇಳ್ಲೇನ್ರಿ? ನಾ ಇನ್ನೂ ಆ ಚೂರು ಹಿಡಿದಿರಲಿಲ್ಲ. ನಿಮ್ಮ ಅಕ್ಕಾರು, ‘ನಮ್ಮ ತಮ್ಮ ಕಾಲಿಟ್ಟ’ ಅಂದು ಒಂದು, ಎರಡು, ಮೂರು ಅಂತ ಎಣಿಸಿದ್ರು. ಜೋಮು ಹೋತು ಅಂದ್ರು. ಏನ್ರಿ ಅದು?”

ಗೋಡೆಯ ಈಚೆ ನಾನು ಮಾಡಿದ್ದು ಆಚೆ ಬೋರಲು ಮಲಗಿದ್ದವಳಿಗೆ ಹೇಗೆ ಗೊತ್ತಾಯಿತು? “ಗೊತ್ತಿಲ್ರಿ” ಎಂದು ಹೇಳಿ ಬೆಂಚಿನ ಮೇಲೆ ಕೂತೆ.

ಮರುದಿನ ಮನೆಗೆ ಕಳಿಸಿದರು. ಚೀಲ ಹಿಡಿದು ನಾನು ಮುಂದೆ, ಅಕ್ಕ ನಿಧಾನ ನಡೆಯುತ್ತ ಹಿಂದೆ. ಗೇಟಿನ ಹತ್ತಿರ ಅವಳು ಕರೆದಳು.

“ಏ ತಮ್ಮಾ, ಚಪ್ಪಲಿ ಹಿಂದ ಬಿಟ್ಟು ಹೊಂಟೀಯಲ್ಲೋ.”

ಕೆಳಗೆ ನೋಡಿಕೊಂಡೆ. ನನ್ನ ಎಡಗಾಲು ಬರಿದಾಗಿತ್ತು. ಚಪ್ಪಲಿ ಹತ್ತು ಹೆಜ್ಜೆ ಹಿಂದೆ ಬಿದ್ದಿತ್ತು, ನನಗೆ ತಿಳಿದೇ ಇರಲಿಲ್ಲ. ಅಲ್ಲೇ ಬಾಗಿ ಹೆಬ್ಬೆರಳನ್ನು ಚಿವುಟಿದೆ. ಅದು ಬೇರೆಯವರ ಬೆರಳಿನ ಹಾಗಿತ್ತು.

ಇಂದಿಗೂ ಹಾಗೇ ಇದೆ. ಅದೇ ಡಾಕ್ಟರಿಗೆ ತೋರಿಸಿದೆ, ಎಂಆರ್‌ಐ ಮಾಡಿಸಿದೆ. ಬೆನ್ನು ಸರಿಯಾಗಿದೆ, ನರವೂ ಸರಿಯಾಗಿದೆ ಎಂದರು. ಅಕ್ಕನನ್ನು ಗುಣ ಮಾಡಿದ್ದು ಡಾಕ್ಟರ ಕೈ, ಅದರಲ್ಲಿ ನನಗೆ ಸಂಶಯವಿಲ್ಲ. ಮಿಕ್ಕಿದ್ದು ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ.

ಅಕ್ಕ ಮತ್ತೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಳೆ. ನನ್ನ ಬೆರಳಿನ ಸುದ್ದಿ ಅವಳಿಗೆ ಹೇಳಿಲ್ಲ. ಹೇಳಿದರೆ ಅಲ್ಲೇ ಬೋರಲು ಮಲಗಿ, “ಮತ್ತೊಮ್ಮೆ ಮುಟ್ಟಸೋ, ನನ್ನ ಜೋಮು ನನಗ ವಾಪಸ್ ಕೊಡು” ಎನ್ನುತ್ತಾಳೆ. ವಿಜ್ಞಾನದ ಮಾಸ್ತರನಾದ ನನಗೆ ಈಗ ಅದರದೇ ಭಯ.