ನನ್ನ ಡೈನೋಸಾರ್ ಕುಂಟುತ್ತಿತ್ತು

ಎರಡು ವರ್ಷದ ಹಿಂದಿನ ಮಾತು. ದೀಪಾವಳಿ ಮುಗಿದು, ಖಾನಾಪುರದ ಕಡೆ ಭತ್ತದ ಕೊಯ್ಲು ನಡೆದಿತ್ತು. ನಾನು ಬೆಳಗಾವಿಯ ಒಂದು ಚಿಕ್ಕ ಅನಿಮೇಷನ್ ಸ್ಟುಡಿಯೋಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಅಲ್ಲಿಯವರೆಗೆ ಕಂಪ್ಯೂಟರಿನಲ್ಲಿ ನಾನು ನಡೆಸಿದ ಪ್ರಾಣಿಗಳೆಂದರೆ ಮಕ್ಕಳ ಪದ್ಯಕ್ಕೆ ಜಿಗಿಯುವ ಮೊಲ, ಬಿಸ್ಕತ್ತಿನ ಜಾಹೀರಾತಿಗೆ ಕುಣಿಯುವ ಕರಡಿ. ಅವು ಹೇಗೆ ನಡೆದರೂ ಯಾರೂ ತಪ್ಪು ಹುಡುಕುತ್ತಿರಲಿಲ್ಲ.

ಆ ಸಲ ದೊಡ್ಡ ಕೆಲಸ ಬಂತು. ಡೈನೋಸಾರ್‌ಗಳ ಬದುಕನ್ನು ಕಂಪ್ಯೂಟರಿನಲ್ಲಿ ಮತ್ತೆ ಸೃಷ್ಟಿಸಿ, ಯಾರೋ ಕಾಡಿಗೆ ಹೋಗಿ ಕ್ಯಾಮೆರಾದಲ್ಲಿ ಹಿಡಿದು ತಂದಿದ್ದಾರೆ ಎನ್ನುವ ಹಾಗೆ ತೋರಿಸುವ ವಿದೇಶಿ ಸರಣಿ ಅದು. ಪುಣೆಯ ಒಂದು ಕಂಪನಿಯ ಮೂಲಕ ಅದರ ಏಳು ಶಾಟ್ ನಮ್ಮ ಪಾಲಿಗೆ ಬಂದಿದ್ದವು. ನನ್ನ ಶಾಟ್ ಒಂಬತ್ತು ಸೆಕೆಂಡಿನದು. ಉದ್ದ ಕುತ್ತಿಗೆಯ, ಸೊಪ್ಪು ತಿನ್ನುವ ಒಂದು ದೈತ್ಯ ಪ್ರಾಣಿ ಕೆಸರು ದಾಟಿ ಬಂದು ಗಟ್ಟಿ ನೆಲದ ಮೇಲೆ ನಡೆದು ಹೋಗಬೇಕು, ಅಷ್ಟೇ.

ಅಷ್ಟೇ ಎಂದು ನಾನೂ ಅಂದುಕೊಂಡಿದ್ದೆ. ಆನೆಗಳ ವಿಡಿಯೋ ಹತ್ತಾರು ನೋಡಿ, ಮೂರು ವಾರ ಕೂತು ಆ ಪ್ರಾಣಿಯನ್ನು ನಡೆಸಿದೆ. ಅದಕ್ಕೆ ನನ್ನದೇ ಒಂದು ಚೆಂದವನ್ನೂ ಸೇರಿಸಿದೆ. ಹೆಜ್ಜೆಗೆ ತಕ್ಕಂತೆ ಅದು ಕುತ್ತಿಗೆಯನ್ನು ಗತ್ತಿನಿಂದ ಮೇಲಕ್ಕೆತ್ತಿ ಇಳಿಸುತ್ತಿತ್ತು. ಆ ಕುತ್ತಿಗೆಯ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಶಾಟ್ ಪುಣೆಯಿಂದ ವಾಪಸ್ ಬಂತು. 'ಪ್ರಾಣಿಗೆ ತೂಕವಿಲ್ಲ, ಏನೋ ಸರಿಯಿಲ್ಲ' ಎಂದು ಬರೆದಿದ್ದರು. ತಿದ್ದಿ ಕಳಿಸಿದೆ. ಮತ್ತೆ ಅದೇ ಮಾತು. ನಾಲ್ಕನೇ ಸಲವೂ ವಾಪಸ್ ಬಂದಾಗ ಶುಕ್ರವಾರ. ನಮ್ಮ ಮೇಲಿನವರಾದ ಕಿರಣ ಸರ್ ನನ್ನನ್ನು ಕರೆದರು.

"ನೋಡವಾ ಸವಿತಾ, ಸೋಮವಾರ ಸಂಜೀತನಕಾ ಟೈಮ್ ಐತಿ. ಆಗಲಿಲ್ಲಂದ್ರ ಈ ಶಾಟ್ ಪುಣೆದವ್ರಿಗೆ ವಾಪಸ್ ಕೊಡಬೇಕಾಗ್ತೈತಿ. ನಿನಗ ಮತ್ತ ಮೊಲಾನ ಕೊಡ್ತೇನಿ, ಬ್ಯಾಸರ ಮಾಡ್ಕೋಬ್ಯಾಡ" ಎಂದರು.

ಏನು ಸರಿಯಿಲ್ಲ ಎಂದು ಅವರಿಗೂ ಹೇಳಲು ಆಗಲಿಲ್ಲ. ತಪ್ಪು ಯಾವುದೆಂದು ಗೊತ್ತಾದರೆ ತಿದ್ದಬಹುದು. ಯಾರಿಗೂ ಗೊತ್ತಿಲ್ಲದ ತಪ್ಪನ್ನು ಹೇಗೆ ತಿದ್ದುವುದು? ಮೊದಲೇ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಲ್ಯಾಪ್‌ಟಾಪ್ ಚೀಲಕ್ಕೆ ತುರುಕಿಕೊಂಡು ಖಾಸಬಾಗದ ನಮ್ಮ ಮನೆಗೆ ಬಂದೆ.

ಇಲ್ಲಿ ನಮ್ಮ ಅಪ್ಪನ ವಿಷಯ ಹೇಳಬೇಕು. ಅಪ್ಪ ಎತ್ತುಗಳ ಗೊರಸಿಗೆ ನಾಲ ಕಟ್ಟುವವರು. ಮೈಸೂರು ಕಡೆಯವರು ಅದಕ್ಕೆ ಲಾಳ ಅನ್ನುತ್ತಾರಂತೆ. ಆಟೋ ನಗರದಲ್ಲಿ ಒಂದು ಲಾರಿ ಗ್ಯಾರೇಜಿನ ಹಿಂದೆ ಅವರದೊಂದು ತಗಡಿನ ಶೆಡ್ಡಿದೆ. ಹಳೆಯ ಕಬ್ಬಿಣ ಕಾಯಿಸಿ ಅಲ್ಲಿ ನಾಲ ತಟ್ಟುತ್ತಾರೆ. ಚೀಲ ತುಂಬಿಕೊಂಡು ಊರೂರಿಗೆ ಹೋಗಿ ಕಟ್ಟಿ ಬರುತ್ತಾರೆ. ಟ್ರ್ಯಾಕ್ಟರ್ ಬಂದ ಮೇಲೆ ಕೆಲಸ ಕಡಿಮೆಯಾಗಿದೆ, ಆದರೂ ಖಾನಾಪುರದ ಕಾಡಂಚಿನ ಊರುಗಳಲ್ಲಿ ಎತ್ತಿನ ಗಾಡಿಗಳು ಇನ್ನೂ ಉಳಿದಿವೆ. ಸ್ಟುಡಿಯೋ ಸೇರಿದ ದಿನ ಎಲ್ಲರೂ ತಮ್ಮ ತಮ್ಮ ಮನೆಯ ಪರಿಚಯ ಹೇಳಿಕೊಂಡರು. ಒಬ್ಬರ ತಂದೆ ಬ್ಯಾಂಕಿನಲ್ಲಿ, ಇನ್ನೊಬ್ಬರ ತಂದೆ ಕಾಲೇಜಿನಲ್ಲಿ. ನನ್ನ ಸರದಿ ಬಂದಾಗ, "ನಮ್ಮಪ್ಪಂದು ಆಟೋ ನಗರದಾಗ ವರ್ಕ್‌ಶಾಪ್ ಐತ್ರಿ" ಅಂದುಬಿಟ್ಟೆ. ಸುಳ್ಳಂತೂ ಅಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಆ ಶುಕ್ರವಾರ ಸಂಜೆ ಪಡಸಾಲೆಯಲ್ಲಿ ಕೂತು ಅದೇ ಒಂಬತ್ತು ಸೆಕೆಂಡನ್ನು ಮತ್ತೆ ಮತ್ತೆ ನೋಡುತ್ತಿದ್ದೆ. ಅಪ್ಪ ಕೈಕಾಲು ತೊಳೆದು ಬಂದು, ಚಹಾದ ಕಪ್ಪು ಹಿಡಿದು ನನ್ನ ಬಾಜೂಕೆ ಕೂತರು. ಎರಡು ಸಲ ನೋಡಿದರು. ಮೂರನೆಯ ಸಲ ಕಪ್ಪು ಕೆಳಗಿಟ್ಟರು.

"ಮುಂದಿನ ಎಡಗಾಲಾಗ ಏನೋ ಚುಚ್ಚೈತಿ ಅದಕ್ಕ" ಎಂದರು.

"ಯಾವದಕ್ಕ?"

"ಇದಕ್ಕವಾ, ನಿನ್ನ ಪ್ರಾಣಿಗೆ. ಕುಂಟಾಕತ್ತೈತಿ ನೋಡು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೋಟ್ಯಂತರ ವರ್ಷದ ಹಿಂದೆ ಸತ್ತುಹೋದ ಪ್ರಾಣಿಯ ಕಾಲಿಗೆ ಅಪ್ಪ ಮುಳ್ಳು ಹುಡುಕುತ್ತಿದ್ದಾರೆ. ಸಿಟ್ಟೂ ಬಂತು.

"ಅಪ್ಪಾ, ಇದು ಎತ್ತಲ್ಲ. ನಿನಗ ತಿಳಿಯಂಗಿಲ್ಲ, ಸುಮ್ಮನಿರು" ಎಂದೆ.

"ಎತ್ತಲ್ಲ, ಖರೇ. ನಾಕ ಕಾಲಂತೂ ಅದಾವಲ್ಲ" ಎಂದು ಅಪ್ಪ ಚಹಾ ಮುಗಿಸಿ ಎದ್ದು ಹೋದರು.

ಒಳಗಿನಿಂದ ಅವ್ವ ನನಗೆ ಚೆನ್ನಾಗಿ ಬೈದಳು. "ಮೂವತ್ತ ವರ್ಷ ಕಾಲ ನೋಡ್ಕೋತ ಬಂದ ಮನಷ್ಯಾಗ ತಿಳಿಯಂಗಿಲ್ಲಂದ್ರ, ಎಂಟ ತಿಂಗಳದಾಗ ನಿನಗ ತಿಳೀತೇನು?" ಎಂದಳು. ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಆದರೆ ಶನಿವಾರವೆಲ್ಲ ಸ್ಟುಡಿಯೋದಲ್ಲಿ ಕೂತರೂ ಆ ಎಡಗಾಲೇ ಕಣ್ಣಿಗೆ ಬೀಳುತ್ತಿತ್ತು. ತಪ್ಪೇನೆಂದು ಮಾತ್ರ ಕಾಣಲಿಲ್ಲ. ಸಂಜೆ ಸೋತು ಮನೆಗೆ ಬಂದು, "ಅಪ್ಪಾ, ಕುಂಟಾಕತ್ತೈತಿ ಅಂತ ನಿನಗ ಹೆಂಗ ಗೊತ್ತಾತು?" ಎಂದು ಕೇಳಿದೆ.

ಅಪ್ಪ ನಿನ್ನೆಯ ಮಾತು ಎತ್ತಲಿಲ್ಲ. "ಬಾಯಿಲೆ ಹೇಳಿದರ ತಿಳಿಯೂದಿಲ್ಲ ಅದು. ನಾಳೆ ಗುಂಜಿಗೆ ಹೊಂಟೇನಿ. ನೀನೂ ಬಾ" ಎಂದರು.

ರವಿವಾರ ಬೆಳಿಗ್ಗೆ ನನ್ನ ಸ್ಕೂಟಿಯಲ್ಲಿ ಹೊರಟೆವು. ಹಿಂದೆ ಅಪ್ಪ, ಕಾಲ ಬಳಿ ನಾಲ, ಸುತ್ತಿಗೆ, ಹಗ್ಗ ತುಂಬಿದ ಗೋಣಿಚೀಲ. ಖಾನಾಪುರದಲ್ಲಿ ಚಹಾ ಕುಡಿದು ಗುಂಜಿ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಕಾಲೇಜು ಸೇರಿದ ಮೇಲೆ ನಾನು ಅಪ್ಪನ ಜೊತೆ ಹೀಗೆ ಬಂದೇ ಇರಲಿಲ್ಲ. ಮಾರುತಿ ಎನ್ನುವ ರೈತರ ಅಂಗಳದಲ್ಲಿ ಒಂದು ಬಿಳಿ ಎತ್ತು ನಿಂತಿತ್ತು. ನನ್ನನ್ನು ನೋಡಿ ಅವರು, "ಮುಲಗಿ ಕಾಯ?" ಎಂದು ಮರಾಠಿಯಲ್ಲಿ ಕೇಳಿದರು. "ಹೌದ್ರಿ, ನನ್ನ ಮಗಳು. ಕಂಪ್ಯೂಟರದಾಗ ಪ್ರಾಣಿ ನಡಸ್ತಾಳ" ಎಂದರು ಅಪ್ಪ. ಮಾರುತಿಯವರು ಅರ್ಥವಾದವರಂತೆ ತಲೆಯಾಡಿಸಿದರು. ಆಮೇಲೆ ಎತ್ತಿನ ಹೆಗಲು ತೋರಿಸಿ, ನೊಗ ಹೊತ್ತು ಹೆಗಲು ಹೋಗಿದೆ, ನಡೆಯಲು ಒಲ್ಲದು ಎಂದರು.

ಅಪ್ಪ ಹೆಗಲು ಮುಟ್ಟಲೂ ಇಲ್ಲ. "ಹತ್ತ ಹೆಜ್ಜಿ ನಡಿಸಿ ತೋರಸ್ರಿ" ಎಂದರು.

ಅದು ಅವರ ಪದ್ಧತಿ. ಯಾವ ಎತ್ತೇ ಆಗಲಿ, ಗಟ್ಟಿ ನೆಲದ ಮೇಲೆ ಹತ್ತು ಹೆಜ್ಜೆ ದೂರ, ಹತ್ತು ಹೆಜ್ಜೆ ಹತ್ತಿರ ನಡೆಸಿ ನೋಡದೆ ಚೀಲ ಬಿಚ್ಚುವುದಿಲ್ಲ. ಹೋಗುವಾಗ ಬೆನ್ನು ತಿರುಗಿಸಿ ನಿಂತು ಬರಿ ಸಪ್ಪಳ ಕೇಳುತ್ತಾರೆ. ಬರುವಾಗ ಕಣ್ಣಿಂದ ನೋಡುತ್ತಾರೆ. ಚಿಕ್ಕವಳಿದ್ದಾಗ ಇದನ್ನು ನೋಡಿ ನಾನೂ ನನ್ನ ಗೆಳತಿಯರೂ ನಕ್ಕದ್ದಿದೆ.

"ಕಾಲ ನೋಡಬ್ಯಾಡ, ತಲಿ ನೋಡು" ಎಂದರು ನನಗೆ.

ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತ ನೋಡಿದೆ. ಮುಂದಿನ ಬಲಗಾಲು ನೆಲಕ್ಕೆ ತಾಗುವ ಹೊತ್ತಿಗೆ ಸರಿಯಾಗಿ ಎತ್ತು ತಲೆ ಮೇಲಕ್ಕೆತ್ತುತ್ತಿತ್ತು. ಎಡಗಾಲು ಊರಿದಾಗ ಇಳಿಸುತ್ತಿತ್ತು.

"ನೋವಿನ ಕಾಲ ಮ್ಯಾಲ ಭಾರ ಬೀಳಬಾರದಂತ ತಲಿ ಎತಗೋತೈತಿ ಅದು. ನಿನ್ನ ಪ್ರಾಣಿ ಎಡಗಾಲಿಗೆ ಎತಗೋತಿತ್ತು. ಅದಕ್ಕ ಅಂದೆ, ಏನೋ ಚುಚ್ಚೈತಿ ಅಂತ."

ಯಾವ ಕುತ್ತಿಗೆಯ ಗತ್ತನ್ನು ನಾನು ಹೆಮ್ಮೆಯಿಂದ ಸೇರಿಸಿದ್ದೆನೋ, ಅದೇ ಆ ದೈತ್ಯನನ್ನು ಕುಂಟನನ್ನಾಗಿ ಮಾಡಿತ್ತು. ಎಡಗಾಲು ಊರಿದಾಗಲೆಲ್ಲ ತಲೆ ಎತ್ತಿಸಿದ್ದೆ. ತೂಕವೆಲ್ಲ ಆ ಕಾಲಿನಿಂದ ಮೇಲಕ್ಕೆ ಹೋಗುತ್ತಿತ್ತು. ನಾಲ್ಕು ಸಲ ಕಾಲುಗಳನ್ನೇ ತಿದ್ದುತ್ತ ಕೂತಿದ್ದ ನನಗೆ ತಲೆಯ ಕಡೆ ನೋಡಬೇಕೆಂದು ಹೊಳೆದೇ ಇರಲಿಲ್ಲ.

ಅಪ್ಪ ಹಗ್ಗ ಹಾಕಿ ಎತ್ತನ್ನು ಮೆಲ್ಲಗೆ ಮಲಗಿಸಿ, ಕಾಲು ಕಟ್ಟಿ, ಬಲಗಾಲಿನ ಗೊರಸಿನ ಸಂದಿಯಿಂದ ಜೋಳದ ಕಾಳಿನಷ್ಟು ದಪ್ಪದ ಒಂದು ಕಲ್ಲು ತೆಗೆದರು. ಸವೆದ ನಾಲ ಕಿತ್ತು ಹೊಸದು ಕಟ್ಟಿದರು. ಎಬ್ಬಿಸಿದ ಮೇಲೆ ಮತ್ತೆ ಹತ್ತು ಹೆಜ್ಜೆ ನಡೆಸಿದರು. ಕಲ್ಲು ಚುಚ್ಚಿದ ಜಾಗ ಇನ್ನೂ ಸ್ವಲ್ಪ ನೋಯುತ್ತಿದ್ದರೂ ಈಗ ತಲೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಒಂದೊಂದು ಕಾಲು ಊರಿದ ಮೇಲೂ ಆ ಬದಿಯ ಹೆಗಲು ಒಂದು ಕ್ಷಣ ತಡೆದು ಕೆಳಗೆ ಕೂರುತ್ತಿತ್ತು. ಅದನ್ನೂ ಮೊಬೈಲಿನಲ್ಲಿ ಹಿಡಿದುಕೊಂಡೆ. ಮಾರುತಿಯವರು ಎತ್ತಿನ ಹೆಗಲು ತಟ್ಟಿ, ಇಷ್ಟು ದಿನ ಇದಕ್ಕೆ ಸುಮ್ಮನೆ ಎಣ್ಣೆ ತಿಕ್ಕಿದೆ ಎಂದು ತಮ್ಮಷ್ಟಕ್ಕೇ ನಕ್ಕರು. ನನ್ನ ಸ್ಥಿತಿಯೂ ಅದೇ ಆಗಿತ್ತು.

ಸೋಮವಾರ ಸ್ಟುಡಿಯೋ ಬಾಗಿಲು ತೆಗೆಯುವ ಮೊದಲೇ ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಕುತ್ತಿಗೆಯ ಗತ್ತನ್ನು ಪೂರ್ತಿ ಅಳಿಸಿದೆ. ಒಂದೊಂದು ಕಾಲು ಊರಿದ ಮೇಲೂ ಆ ಬದಿಯ ಹೆಗಲು ಎತ್ತಿನದರಂತೆ ತಡೆದು ಕೆಳಗೆ ಕೂರುವ ಹಾಗೆ ಮಾಡಿದೆ. ಕಳಿಸುವ ಮೊದಲು ಕಣ್ಣು ಮುಚ್ಚಿ, ಒಂದೊಂದು ಹೆಜ್ಜೆಗೂ ಮೇಜಿನ ಮೇಲೆ ಬೆರಳಿನಿಂದ ಬಡಿದು ಸಪ್ಪಳ ಕೇಳಿದೆ. ಪಕ್ಕದ ಮೇಜಿನವರು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಬುಧವಾರ ಉತ್ತರ ಬಂತು. ಶಾಟ್ ಪಾಸಾಗಿತ್ತು. ಕೆಳಗೆ ಒಂದು ಸಾಲು ಬರೆದಿದ್ದರು, 'ಈಗ ಇದಕ್ಕೆ ನಿಜವಾದ ತೂಕ ಬಂದಿದೆ, ಏನು ಬದಲಿಸಿದಿರಿ?' ಎಂದು. ಕಿರಣ ಸರ್ ಅದನ್ನು ಎಲ್ಲರ ಮುಂದೆ ಓದಿ, "ಹೇಳವಾ, ಏನ ಬದಲಿಸಿದಿ?" ಎಂದು ಕೇಳಿದರು.

ಇಪ್ಪತ್ತು ಜನ ನನ್ನ ಕಡೆ ನೋಡುತ್ತಿದ್ದರು. ಯಾವುದೋ ಪುಸ್ತಕದಲ್ಲಿ ಓದಿದೆ ಅಂದಿದ್ದರೆ ನಡೆದುಹೋಗುತ್ತಿತ್ತು. ನಾಲಿಗೆಯ ತುದಿಗೂ ಅದೇ ಬಂದಿತ್ತು. ಆದರೆ ಅಂಗಳದಲ್ಲಿ ನಿಂತು 'ನನ್ನ ಮಗಳು' ಅಂದ ಅಪ್ಪನ ಮುಖ ನೆನಪಾಯಿತು. ನನ್ನ ಕೆಲಸ ಏನೆಂದು ಪೂರ್ತಿ ತಿಳಿಯದಿದ್ದರೂ ಅವರು ಅದನ್ನು ಎಷ್ಟು ನೆಟ್ಟಗೆ ಹೇಳಿಕೊಂಡಿದ್ದರು.

"ನಾ ಹುಡುಕಿದ್ದಲ್ರಿ ಸರ್. ನಮ್ಮಪ್ಪ ಹುಡುಕಿದ್ದು. ಆಂವಾ ಎತ್ತಿಗೆ ನಾಲ ಕಟ್ತಾನ್ರಿ. ವರ್ಕ್‌ಶಾಪ್ ಅಂತ ಹೇಳಿದ್ನಲ್ರಿ, ಅದು ನಾಲ ತಟ್ಟೂ ಶೆಡ್ಡು" ಎಂದೆ. ಹೇಳಿ ಮುಗಿಸಿದ ಮೇಲೆ ಎಂಟು ತಿಂಗಳಿಂದ ಎದೆಯ ಮೇಲಿದ್ದ ಭಾರ ಇಳಿಯಿತು.

ಯಾರೂ ನಗಲಿಲ್ಲ. ಕಿರಣ ಸರ್, "ನಮ್ಮವು ಇನ್ನೂ ನಾಕ ಶಾಟ್ ಪಾಸ್ ಆಗಿಲ್ಲ. ಅವ್ರನ್ನ ಒಮ್ಮಿ ಕರಕೊಂಡ ಬರ್ತಿಯೇನು?" ಎಂದರು.

ಗುರುವಾರ ಅಪ್ಪ ಬಂದರು. ಅವ್ವ ಹಟ ಮಾಡಿ ಇಸ್ತ್ರಿ ಅಂಗಿ ಹಾಕಿಸಿ ಕಳಿಸಿದ್ದಳು. ಬಾಗಿಲಲ್ಲೇ ಚಪ್ಪಲಿ ಬಿಡಲು ಹೋದವರನ್ನು ಕಿರಣ ಸರ್ ಕೈ ಹಿಡಿದು, "ಬರ್ರಿ, ಕುಂದರ್ರಿ" ಎಂದು ತಮ್ಮ ಕುರ್ಚಿಯಲ್ಲೇ ಕೂರಿಸಿದರು. ಗಾಲಿ ಕುರ್ಚಿ ಹಿಂದಕ್ಕೆ ಸರಿದಾಗ ಅಪ್ಪ ಎರಡೂ ಕೈಯಿಂದ ಮೇಜು ಹಿಡಿದುಕೊಂಡರು. ಪರದೆಯ ಮೇಲೆ ಪ್ರಾಣಿ ಬಂದ ಮೇಲೆ ಮಾತ್ರ ಅವರು ರೈತರ ಅಂಗಳದಲ್ಲಿ ನಿಂತಾಗ ಹೇಗಿರುತ್ತಾರೋ ಹಾಗೇ ಆದರು. ಮೊದಲ ಪ್ರಾಣಿಯ ಹಿಂಗಾಲು ನೆಲಕ್ಕೆ ಊರಿದ ಮೇಲೂ ಜಾರುತ್ತಿದೆ ಎಂದರು. ಎರಡನೆಯದು ಛಲೋ ಐತಿ, ಅದಕ್ಕೆ ಕೈ ಹಚ್ಚಬ್ಯಾಡ್ರಿ ಎಂದರು. ಎರಡು ಕಾಲಿನ ಮಾಂಸಾಹಾರಿ ಬಂದಾಗ, "ಇದು ನನ್ನ ಲೆಕ್ಕದಾಗ ಬರೂದಿಲ್ರಿ. ಮನ್ಯಾಗ ಕೋಳಿ ಸಾಕಿದಾವ್ರನ್ನ ಕೇಳ್ರಿ" ಎಂದರು. ರೆಕ್ಕೆಯ ಪ್ರಾಣಿ ಬಂದಾಗ, ಇದಂತೂ ನನ್ನಿಂದ ಆಗದು ಎಂಬಂತೆ ಕೈ ಮುಗಿದುಬಿಟ್ಟರು. ಬ್ಯಾಂಕಿನವರ ಮಗ, ಕಾಲೇಜಿನವರ ಮಗಳು ಎಲ್ಲರೂ ವಹಿ ಹಿಡಿದು ಬರೆದುಕೊಳ್ಳುತ್ತಿದ್ದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಹೆಮ್ಮೆ ನನಗೆ ಇನ್ನಾವಾಗಲೂ ಆಗಿಲ್ಲ.

ಸರಣಿ ಬಂದದ್ದು ಮರುವರ್ಷ. ಖಾಸಬಾಗದ ನಮ್ಮ ಪಡಸಾಲೆಯಲ್ಲಿ ಅಕ್ಕಪಕ್ಕದವರೆಲ್ಲ ಸೇರಿದ್ದರು. ನನ್ನ ಒಂಬತ್ತು ಸೆಕೆಂಡು ಬಂದು ಹೋಯಿತು. ಕೊನೆಯಲ್ಲಿ ಹೆಸರುಗಳು ಸಾಲುಸಾಲಾಗಿ ಏರತೊಡಗಿದಾಗ ಅವ್ವ ಟಿವಿಯ ಹತ್ತಿರ ಹೋಗಿ ನಿಂತಳು. ನಮ್ಮ ಸ್ಟುಡಿಯೋದ ಹೆಸರು ಬಂತು, ನನ್ನದು ಇರಲಿಲ್ಲ. ನಮ್ಮಂಥ ಚಿಕ್ಕವರದು ಬರುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿದ್ದರೂ ಮುಖ ಬಾಡಿತು.

"ಬಿಡು" ಎಂದರು ಅಪ್ಪ. "ನಾ ಕಟ್ಟಿದ ನಾಲದ ಮ್ಯಾಲ ನನ್ನ ಹೆಸರ ಎಲ್ಲೈತಿ? ಎತ್ತ ನಡಿತಂದ್ರ ಆತು. ಮತ್ತೊಮ್ಮಿ ಹಚ್ಚು, ಹತ್ತ ಹೆಜ್ಜಿ ನೋಡೂಣು."

ನನ್ನ ಪ್ರಾಣಿ ಆ ಒಂಬತ್ತು ಸೆಕೆಂಡಿನಲ್ಲಿ ಇಡುವುದು ಐದೇ ಹೆಜ್ಜೆ. ಹತ್ತು ಆಗಲಿ ಎಂದು ಎರಡು ಸಲ ಹಚ್ಚಿದೆ. ಅಪ್ಪ ಎರಡನೆಯ ಸಲ ಬೆನ್ನು ತಿರುಗಿಸಿ ಕೂತು ಸಪ್ಪಳ ಕೇಳಿದರು.

ಹೋದ ತಿಂಗಳು ಒಂದು ಕಚೇರಿಯಲ್ಲಿ ಅರ್ಜಿ ತುಂಬುವ ಕೆಲಸವಿತ್ತು. ತಂದೆಯ ಉದ್ಯೋಗ ಎಂಬಲ್ಲಿ 'ಎತ್ತುಗಳಿಗೆ ನಾಲ ಕಟ್ಟುವುದು' ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಕಿಟಕಿಯೊಳಗಿನವರು ಅದನ್ನು ಓದಿ, "ಹಂಗಂದ್ರೇನವಾ?" ಎಂದು ಕೇಳಿದರು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು. ನಾನು ಹತ್ತು ಹೆಜ್ಜೆಯಿಂದ ಹಿಡಿದು ಡೈನೋಸಾರ್‌ವರೆಗೆ ಎಲ್ಲವನ್ನೂ ಹೇಳಿಯೇ ಅಲ್ಲಿಂದ ಕದಲಿದೆ.